ಸಂದರ್ಶನದ ಕೊಠಡಿಯಲ್ಲಿ ನಿಮಗೆ ನೀವೇ ಸಾಕ್ಷಿ

ಉದ್ಯೋಗದ ಸಂದರ್ಶನಕ್ಕೆ ಕರೆ ಬಂದಾಗ ಮನೆಯಲ್ಲಿ ಸಂತೋಷದ ಜೊತೆಗೆ ಆತಂಕವೂ ಹುಟ್ಟುತ್ತದೆ. ತಾಯಿ ದುಆ ಮಾಡುತ್ತಾರೆ, ತಂದೆ ಪ್ರಯಾಣದ ಖರ್ಚು ಹೊಂದಿಸುತ್ತಾರೆ, ಗೆಳೆಯರು ಸಲಹೆಗಳ ಮಳೆಗರೆಯುತ್ತಾರೆ. 'ಒಂದು ವರ್ಷದ ಅನುಭವವನ್ನು ಮೂರು ವರ್ಷ ಎಂದು ಬರೆ, ಯಾರು ನೋಡುತ್ತಾರೆ?' ಎಂಬ ಸಲಹೆಯೂ ಅವುಗಳಲ್ಲಿರುತ್ತದೆ. ನಿಮ್ಮ ನಿಜವಾದ ಪರೀಕ್ಷೆ ಆರಂಭವಾಗುವುದು ಇಲ್ಲಿಯೇ.

ಮದ್ಯನ್‌ನಲ್ಲಿ ಪ್ರವಾದಿ ಮೂಸಾ(ಅ)ರನ್ನು ಕೆಲಸಕ್ಕೆ ನೇಮಿಸಿಕೊಳ್ಳುವಂತೆ ತಂದೆಗೆ ಸಲಹೆ ನೀಡಿದ ಯುವತಿಯು ಎರಡು ಗುಣಗಳನ್ನು ಎತ್ತಿ ಹೇಳಿದಳು: ಸಾಮರ್ಥ್ಯ ಮತ್ತು ವಿಶ್ವಾಸಾರ್ಹತೆ. ಪ್ರವಾದಿ ಯೂಸುಫ್(ಅ) ಈಜಿಪ್ಟಿನ ಅರಸನೊಡನೆ ದೇಶದ ಭಂಡಾರಗಳ ಹೊಣೆಯನ್ನು ಕೇಳಿದಾಗ ಮುಂದಿಟ್ಟದ್ದೂ ಎರಡೇ ಅರ್ಹತೆಗಳನ್ನು: ಕಾಪಾಡುವ ಗುಣ ಮತ್ತು ಕೆಲಸದ ಅರಿವು. ಆ ಕೋರಿಕೆಯಲ್ಲಿ ವಂಶದ ಹಿರಿಮೆಯನ್ನಾಗಲಿ ಸೆರೆಮನೆಯ ಕಷ್ಟವನ್ನಾಗಲಿ ಅವರು ಸೇರಿಸಲಿಲ್ಲ. ಇರುವ ಅರ್ಹತೆಯನ್ನು ಹೇಳುವುದು ಅಹಂಕಾರವಲ್ಲ. ಇಲ್ಲದ್ದನ್ನು ಹೇಳುವುದು ವಂಚನೆ.

ಇಂದಿನ ಸಂದರ್ಶನಗಳು ಹುಡುಕುವುದೂ ಇದನ್ನೇ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಟ್ಟು 2025 ಅಂಕಗಳ ಪೈಕಿ 275 ಅಂಕಗಳು ಸಂದರ್ಶನಕ್ಕಿವೆ. ಲಿಖಿತ ಪರೀಕ್ಷೆಯಲ್ಲಿ ನೋಡಿದ ಪಾಂಡಿತ್ಯವನ್ನು ಅಲ್ಲಿ ಪುನಃ ಅಳೆಯುವುದಿಲ್ಲ. ಚುರುಕುತನ, ಸ್ಪಷ್ಟ ಮಾತು, ಸಮತೋಲನದ ತೀರ್ಮಾನ, ಇವುಗಳ ಜೊತೆಗೆ ನೈತಿಕ ಪ್ರಾಮಾಣಿಕತೆಯನ್ನೂ ಪರಿಶೀಲಿಸಲಾಗುತ್ತದೆ.

ಮೊದಲು ಸಿದ್ಧತೆ

ಒಂಟೆಯನ್ನು ಕಟ್ಟದೆ ಭರವಸೆಯ ಮಾತಾಡಿದವನಿಗೆ ಪ್ರವಾದಿ(ಸ) ಕಲಿಸಿದ ಪಾಠ ನಿಮಗೆ ತಿಳಿದಿದೆ. ಸಿದ್ಧತೆಯಿಲ್ಲದ ಪ್ರಾರ್ಥನೆಯೂ ಹಾಗೆಯೇ.

ನೀವು ಕಳುಹಿಸಿದ ಅರ್ಜಿಯನ್ನು ಮತ್ತೊಮ್ಮೆ ಓದಿರಿ. ಅದರ ಪ್ರತಿಯೊಂದು ಸಾಲೂ ಒಂದು ಪ್ರಶ್ನೆಯಾಗಬಹುದು. ಆ ಸಂಸ್ಥೆ ಏನು ಮಾಡುತ್ತದೆ, ನೀವು ಬಯಸುವ ಹುದ್ದೆಯ ದಿನನಿತ್ಯದ ಕೆಲಸವೇನು ಎಂಬುದನ್ನು ತಿಳಿದುಕೊಳ್ಳಿರಿ. ನೀವೇ ಮಾಡಿದ ಮೂರು ಕೆಲಸಗಳನ್ನು ಆರಿಸಿ, ಸಮಸ್ಯೆಯೇನಿತ್ತು, ನೀವೇನು ಮಾಡಿದಿರಿ, ಫಲವೇನಾಯಿತು ಎಂದು ಬರೆದಿಡಿರಿ. ಅದನ್ನು ಮನೆಯವರ ಮುಂದೆ ಗಟ್ಟಿಯಾಗಿ ಹೇಳಿ ನೋಡಿರಿ. ಮನದಲ್ಲಿ ಸಲೀಸಾಗಿದ್ದ ಮಾತು ನಾಲಿಗೆಯಲ್ಲಿ ತಡವರಿಸುವುದು ಆಗ ಗೊತ್ತಾಗುತ್ತದೆ.

ಮೂಲ ಪ್ರಮಾಣಪತ್ರಗಳನ್ನೂ ನಕಲುಗಳನ್ನೂ ಕ್ರಮವಾಗಿ ಜೋಡಿಸಿರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮೊಹಮ್ಮದ್', ಆಧಾರ್‌ನಲ್ಲಿ 'ಮುಹಮ್ಮದ್' ಎಂದಿರುವುದು ನಮ್ಮಲ್ಲಿ ಸಾಮಾನ್ಯ. ಇದನ್ನು ಮೊದಲೇ ಸರಿಪಡಿಸಿಕೊಳ್ಳುವುದು ಜಾಣತನ.

ಲಂಚದ ಬಲೆಗೂ ಬೀಳದಿರಿ. ಕೇಂದ್ರ ಸರಕಾರವು 2016ರ ಜನವರಿ 1ರಿಂದ ಗ್ರೂಪ್ 'ಸಿ' ಹುದ್ದೆಗಳ ನೇಮಕಾತಿಯಲ್ಲಿ ಸಂದರ್ಶನವನ್ನೇ ಕೈಬಿಟ್ಟಿದೆ. ಅಂತಹ ಹುದ್ದೆಗೆ 'ಸಂದರ್ಶನದಲ್ಲಿ ಅಂಕ ಕೊಡಿಸುತ್ತೇನೆ' ಎಂದು ಹಣ ಕೇಳುವವನು ನಿಮ್ಮನ್ನು ಎರಡು ಬಾರಿ ಕೆಡಿಸುತ್ತಾನೆ: ಹಣವೂ ಹೋಗುತ್ತದೆ, ಶೀಲವೂ ಹೋಗುತ್ತದೆ.

ಕೊಠಡಿಯೊಳಗೆ

ಪ್ರಶ್ನೆಯನ್ನು ಪೂರ್ತಿ ಆಲಿಸಿರಿ, ಒಂದು ಕ್ಷಣ ಯೋಚಿಸಿ ಉತ್ತರಿಸಿರಿ. ತಿಳಿಯದಿದ್ದರೆ 'ಗೊತ್ತಿಲ್ಲ ಸರ್, ತಿಳಿದುಕೊಳ್ಳುತ್ತೇನೆ' ಎನ್ನಿರಿ. ಹಿಂದಿನ ಕೆಲಸ ಏಕೆ ಬಿಟ್ಟಿರಿ ಎಂದು ಕೇಳಿದರೆ ಕಾರಣವನ್ನಷ್ಟೇ ಹೇಳಿರಿ. ಹಳೆಯ ಯಜಮಾನರ ದೂಷಣೆ ಬೇಡ, ಪರನಿಂದೆ ಅಲ್ಲಿಯೂ ಪರನಿಂದೆಯೇ. ಓದು ಒಂದೆರಡು ವರ್ಷ ನಿಂತಿದ್ದರೆ ಅದನ್ನು ಮುಚ್ಚಿಡಬೇಡಿರಿ. ಜುಮಾ ನಮಾಝ್‌ಗೆ ಸಮಯ ಬೇಕಿದ್ದರೆ, ಅದಕ್ಕೆ ಬದಲಾಗಿ ಹೆಚ್ಚು ಹೊತ್ತು ದುಡಿಯಲು ಸಿದ್ಧ ಎಂದು ವಿನಯದಿಂದ ಮೊದಲೇ ತಿಳಿಸಿರಿ.

ಇಂಗ್ಲಿಷ್ ಬಾರದೆಂಬ ಕೀಳರಿಮೆಯೂ ಬೇಡ. ಸರಳ ವಾಕ್ಯಗಳಲ್ಲಿ ಮಾತಾಡಿರಿ, ತೊಡಕಾದರೆ ಕನ್ನಡದಲ್ಲಿ ಹೇಳಲು ಅನುಮತಿ ಕೇಳಿರಿ. ನಾಗರಿಕ ಸೇವಾ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲಿಯೇ ಎದುರಿಸಬಹುದು.

ಈಗ, ಇಲ್ಲದ ಅನುಭವವನ್ನು ಬರೆದ ಒಬ್ಬ ತರುಣನನ್ನು ಊಹಿಸಿರಿ. 'ಅಲ್ಲಿ ಯಾವ ಯಂತ್ರದಲ್ಲಿ ಕೆಲಸ ಮಾಡಿದಿರಿ?' ಎಂಬ ಒಂದೇ ಪ್ರಶ್ನೆಗೆ ಅವನು ಸಿಕ್ಕಿಬಿದ್ದರೆ ಅದು ಅವನ ಅದೃಷ್ಟ. ಸಿಕ್ಕಿಬೀಳದಿದ್ದರೆ? ಕೆಲಸ ಸಿಗುತ್ತದೆ. ಮೊದಲ ಸಂಬಳವನ್ನು ತಾಯಿಯ ಕೈಗಿಡುತ್ತಾನೆ. ಆದರೆ ಅದೇ ದಿನ ಹೊರಗಿನ ಬೆಂಚಿನಲ್ಲಿ ಕುಳಿತು, 'ನನಗೆ ಒಂದೇ ವರ್ಷದ ಅನುಭವ' ಎಂದು ನಿಜ ಹೇಳಿ ಬರಿಗೈಯಲ್ಲಿ ಮರಳಿದ ಇನ್ನೊಬ್ಬನಿದ್ದಾನೆ. ಅವನಿಗೂ ಒಬ್ಬ ತಾಯಿಯಿದ್ದಾಳೆ. ಆ ಸಂಬಳದಲ್ಲಿ ಅವನ ಪಾಲೆಷ್ಟು ಎಂಬ ಪ್ರಶ್ನೆಯನ್ನು ಯಾವ ಸಂದರ್ಶಕನೂ ಕೇಳಲಾರ. ಅದನ್ನು ಕೇಳುವವನು ಅಲ್ಲಾಹನು.

ಫಲಿತಾಂಶದ ಬಳಿಕ

ಆಯ್ಕೆಯಾಗದಿದ್ದರೆ ಎದೆಗುಂದಬೇಡಿರಿ. ಅಂದೇ ಸಂಜೆ ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಡಿರಿ, ಎಡವಿದ ಕಡೆ ಮತ್ತೆ ಕಲಿಯಿರಿ. ಮುಂದಿನ ಸಂದರ್ಶನಕ್ಕೆ ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕವಿಲ್ಲ. ಅನ್ನದ ಒಡೆಯನು ಬಾಗಿಲು ತೆರೆಯುವ ವೇಳೆ ನಮಗೆ ತಿಳಿಯದು. ತಟ್ಟುವುದು ಮಾತ್ರ ನಮ್ಮ ಕೆಲಸ.

ಆಯ್ಕೆಯಾದರೆ, ಕೊಠಡಿಯಲ್ಲಿ ನೀವಾಡಿದ ಮಾತುಗಳೆಲ್ಲ ಕರಾರುಗಳೆಂದು ತಿಳಿಯಿರಿ. 'ಶ್ರಮಪಡುತ್ತೇನೆ, ಸಮಯ ಪಾಲಿಸುತ್ತೇನೆ' ಎಂದಿರಲ್ಲವೇ? ಆ ಸಾಕ್ಷ್ಯವನ್ನು ಇನ್ನು ಪ್ರತಿದಿನವೂ ನಿಜ ಮಾಡಿ ತೋರಿಸಿರಿ.