ಹಿಮದ ರಾತ್ರಿಯನ್ನು ಕಳೆಯುವ ಎರಡು ಬಗೆ

ಕೆನಡಾ ಹಾಗೂ ಅಲಾಸ್ಕಾದ ಒಳನಾಡಿನ ಅರಣ್ಯಗಳಲ್ಲಿ ಚಳಿಗಾಲದ ಉಷ್ಣತೆಯು ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದುಂಟು. ಆ ವೇಳೆಗೆ ಅನೇಕ ಪಕ್ಷಿಗಳು ದಕ್ಷಿಣಕ್ಕೆ ವಲಸೆ ಹೋಗಿರುತ್ತವೆ. ಕರಡಿಗಳು ಗುಹೆ ಸೇರಿರುತ್ತವೆ. ವಲಸೆಯನ್ನೂ ಹೋಗದೆ, ದೀರ್ಘನಿದ್ರೆಗೂ ಜಾರದೆ ಅಲ್ಲಿಯೇ ಉಳಿಯುವ ಕಿರುಜೀವಿಗಳಲ್ಲಿ ಎರಡನ್ನು ಇಲ್ಲಿ ಹೋಲಿಸಿ ನೋಡಬಹುದು. ಒಂದು, ತಲೆಯ ಮೇಲೆ ಕಪ್ಪು ಟೋಪಿಯಿಟ್ಟಂತೆ ಕಾಣುವ ಚಿಕಡೀ ಎಂಬ ಹಾಡುಹಕ್ಕಿ. ಇನ್ನೊಂದು ಕಿರುವೀಸಲ್. ಇದು ನೋಟಕ್ಕೆ ಮುಂಗುಸಿಯನ್ನು ನೆನಪಿಗೆ ತಂದರೂ ನೀರುನಾಯಿಯ ಕುಟುಂಬಕ್ಕೆ ಸೇರಿದ ಪ್ರಾಣಿ.

ಚಿಕಡೀಯ ತೂಕ ಸುಮಾರು 11 ಗ್ರಾಂ. ಅಲ್ಲಿನ ಕಿರುವೀಸಲ್‌ನದು ಸುಮಾರು 50 ಗ್ರಾಂ. ದೇಹ ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಮೈಯ ಹೊರಹರವು ಹೆಚ್ಚು. ಹಂಡೆಯ ನೀರಿಗಿಂತ ಲೋಟದ ನೀರು ಬೇಗ ಆರುವುದು ಇದೇ ಕಾರಣದಿಂದ.

ಚಿಕಡೀಯು ಹಗಲಿಡೀ ತಿಂದು ಮೈಯಲ್ಲಿ ಕೊಬ್ಬನ್ನು ಕೂಡಿಟ್ಟುಕೊಳ್ಳುತ್ತದೆ. ಬೀಜಗಳನ್ನು ತೊಗಟೆಯ ಸಂದುಗಳಲ್ಲಿ ಒಂದೊಂದಾಗಿ ಬಚ್ಚಿಟ್ಟು, ಆ ಸ್ಥಳಗಳನ್ನು ನೆನಪಿನಲ್ಲಿಟ್ಟುಕೊಂಡು ಹುಡುಕಿ ತೆಗೆಯುತ್ತದೆ. ಕತ್ತಲಾದೊಡನೆ ಮರದ ಪೊಟರೆ ಸೇರಿ, ಗರಿಗಳನ್ನು ಉಬ್ಬಿಸಿ ಚೆಂಡಿನಂತಾಗುತ್ತದೆ. ಹಗಲಿನಲ್ಲಿ ಸುಮಾರು 42 ಡಿಗ್ರಿಯಿರುವ ಮೈಬಿಸಿಯನ್ನು ರಾತ್ರಿ 10 ಡಿಗ್ರಿಯಷ್ಟು ತಗ್ಗಿಸಿಕೊಂಡು ಇಂಧನವನ್ನು ಉಳಿಸುತ್ತದೆ. ಬೆಳಗಾಗುವಷ್ಟರಲ್ಲಿ ಕೂಡಿಟ್ಟ ಕೊಬ್ಬು ಬಹುಮಟ್ಟಿಗೆ ಕರಗಿರುತ್ತದೆ.

ವೀಸಲ್‌ಗೆ ಈ ಅನುಕೂಲವಿಲ್ಲ. ಅದರ ಮುಖ್ಯ ಆಹಾರ ವೋಲ್ ಎಂಬ ಗಿಡ್ಡಬಾಲದ ಇಲಿ. ಇಲಿಯ ಬಿಲದೊಳಗೇ ನುಗ್ಗಿ ಹಿಡಿಯಬೇಕಾದುದರಿಂದ ಮೈ ಕೊಳವೆಯಂತೆ ನೀಳವಾಗಿ, ಸಪೂರವಾಗಿ ಇರಲೇಬೇಕು. ಕೊಬ್ಬು ಬೆಳೆದರೆ ಬೇಟೆಗೇ ಅಡ್ಡಿ; ತುಪ್ಪಳವೂ ಗಿಡ್ಡ. ಜೇಮ್ಸ್ ಬ್ರೌನ್ ಹಾಗೂ ರಾಬರ್ಟ್ ಲಸಿಯೆವ್‌ಸ್ಕಿ ಎಂಬ ವಿಜ್ಞಾನಿಗಳು 1972ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಳಿಯಲ್ಲಿ ವೀಸಲ್‌ಗಳು ಅಷ್ಟೇ ತೂಕದ ಸಾಮಾನ್ಯ ಆಕಾರದ ಸಸ್ತನಿಗಳಿಗಿಂತ ಶೇಕಡ 50ರಿಂದ 100ರಷ್ಟು ಹೆಚ್ಚು ಶಕ್ತಿಯನ್ನು ವ್ಯಯಿಸುತ್ತವೆ. ಆಕಾರವೊಂದಕ್ಕಾಗಿ ತೆರುವ ಇಂಥ ಸುಂಕ ಪ್ರಾಣಿಲೋಕದಲ್ಲಿ ವಿರಳವೇ ಸರಿ.

ಆದಕಾರಣ ಅದು ಹಗಲು ರಾತ್ರಿಯೆನ್ನದೆ ಆಗಾಗ್ಗೆ ಬೇಟೆಗೆ ಹೊರಡುತ್ತದೆ. ದಿನವೊಂದಕ್ಕೆ ತನ್ನ ತೂಕದ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ತಿನ್ನುತ್ತದೆ. ಹಿಮದ ದಪ್ಪ ಹೊದಿಕೆಯ ಅಡಿಯಲ್ಲಿ, ನೆಲಕ್ಕೆ ತಾಗಿದಂತೆ, ಉಷ್ಣತೆ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ವೀಸಲ್‌ನ ಚಳಿಗಾಲ ಹೆಚ್ಚಾಗಿ ಕಳೆಯುವುದು ಅಲ್ಲಿಯೇ. ಕೊಂದ ಇಲಿಯ ಗೂಡೇ ಅದರ ವಿಶ್ರಾಂತಿಧಾಮ. ಕೆಲವೊಮ್ಮೆ ಆ ಇಲಿಗಳ ತುಪ್ಪಳವೇ ಹಾಸಿಗೆ. ಮಿಕ್ಕ ಬೇಟೆಯನ್ನು ಸಮೀಪದಲ್ಲಿಯೇ ಕೂಡಿಡುತ್ತದೆ.

ಹಕ್ಕಿಗೆ ಗಂಡಾಂತರದ ಕಾಲ ಬೆಳಗಿನ ಹೊತ್ತು. ಬಿರುಗಾಳಿಯಿಂದ ಮೇವು ದೊರೆಯದಿದ್ದರೆ ಮುಂದಿನ ರಾತ್ರಿಗೆ ಇಂಧನವಿರದು. ವೀಸಲ್‌ಗಾದರೋ ಗಂಡಾಂತರವು ಬರುವುದು ವೋಲ್‌ಗಳ ಸಂಖ್ಯೆ ಕುಸಿಯುವ ವರ್ಷದಲ್ಲಿ. ಆಗ ಅವುಗಳ ಸಂಖ್ಯೆಯೂ ಕುಸಿಯುತ್ತದೆ. ವೋಲ್‌ಗಳು ಹೇರಳವಾಗಿರುವ ವರ್ಷದಲ್ಲಿ ಕಿರುವೀಸಲ್ ಎರಡು ಬಾರಿಯೂ ಮರಿ ಹಾಕಬಲ್ಲುದು.