ನಾಸಿಕದ ಬಾಟಲಿ ಗಡಿ ದಾಟಲಿಲ್ಲ

ತಪ್ಪು ನನ್ನದಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಬಾಟಲಿ ಬೇಡ ಅಂದವಳು ನಾನು. ತರೋಣ ಅಂದವರು ನಮ್ಮ ಮನೆಯವರು. ಅವರಿಗೆ ಧೈರ್ಯ ತುಂಬಿದವರು ಪುಣೆಯಲ್ಲಿರುವ ಅವರ ಸೋದರಮಾವ. ಆದರೆ ರಾತ್ರಿ ಹೆದ್ದಾರಿಯಲ್ಲಿ ನಿಂತು ಜವಾಬು ಕೊಟ್ಟವಳು ನಾನೊಬ್ಬಳೇ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಕಾರು ತಗೊಂಡು ನಾಸಿಕದ ವೈನರಿಗಳಿಗೆ ಹೊರಡುವ ಜೋಡಿಗಳು ನಮ್ಮ ಪರಿಚಯದಲ್ಲೇ ಸಾಕಷ್ಟಿದ್ದಾರೆ. ಅವರಿಗಾದರೂ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಶುಕ್ರವಾರ ಬೆಳಗಾವಿ ಬಿಟ್ಟು ರಾತ್ರಿ ಪುಣೆಯಲ್ಲಿ ಮಾವನ ಮನೆಯಲ್ಲಿ ಉಳಿದೆವು. ಅತ್ತೆಯವರಿಗೆ ತ್ರ್ಯಂಬಕೇಶ್ವರಕ್ಕೆ ಹೋಗುತ್ತೇವೆ ಅಂತ ಹೇಳಿದ್ದೆವು. ಅದೇನೂ ಸುಳ್ಳಲ್ಲ, ದರ್ಶನವೂ ಆಯಿತು. ಪುಣೆಯಿಂದ ನಾಸಿಕಕ್ಕೆ ಸುಮಾರು 210 ಕಿ.ಮೀ. ಚಾಕಣದಲ್ಲಿ ಕಾರ್ಖಾನೆಯ ಲಾರಿಗಳು ರಸ್ತೆಗಿಳಿಯುವ ಮೊದಲು ಆ ಊರು ದಾಟಬೇಕು. ದಾಟಿದರೆ ಮುಂದೆ ನಾರಾಯಣಗಾಂವ, ಆಳೇಫಾಟಾ, ಸಂಗಮನೇರ, ಸಿನ್ನರ ಸಲೀಸು. ನಮ್ಮವರು ಎದ್ದಿದ್ದು ತಡ, ಮಾವನ ಜೊತೆ ಎರಡನೇ ಚಹಾ ಬೇರೆ. ಹೀಗಾಗಿ ಚಾಕಣ ನಮ್ಮ ಅರ್ಧ ಮುಂಜಾನೆ ತಿಂದಿತು.

ನಾನು ತಿಕೋಟಾ ಕಡೆಯವಳು, ದ್ರಾಕ್ಷಿ ತೋಟ ನೋಡಿಯೇ ಬೆಳೆದವಳು. ಆದರೆ ನಮ್ಮದು ತಿನ್ನುವ, ಒಣಗಿಸುವ ದ್ರಾಕ್ಷಿ. ವೈನಿನ ದ್ರಾಕ್ಷಿ ಸಣ್ಣದು, ಬೀಜ ಇರುತ್ತದೆ, ಸಿಪ್ಪೆ ದಪ್ಪ. ಕೆಂಪು ವೈನಿಗೆ ಬಣ್ಣ ಬರುವುದು ಆ ಸಿಪ್ಪೆಯಿಂದಲೇ. ಹಿಂಡಿದ ರಸ ಬಹುಪಾಲು ಬಿಳಿಚಿಕೊಂಡೇ ಇರುತ್ತದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ ಮಾಡಿ, ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಹೋಗುವುದಾದರೆ ಆ ಹೊತ್ತಿನಲ್ಲೇ ಹೋಗಬೇಕು, ಬಳ್ಳಿಯಲ್ಲಿ ಗೊನೆ ಇರುತ್ತದೆ. ಗಂಗಾಪುರ ಅಣೆಕಟ್ಟಿನ ಹತ್ತಿರ ಸುಲಾ ವೈನರಿ ಇದೆ. ಅಮೆರಿಕದ ನೌಕರಿ ಬಿಟ್ಟು ಬಂದ ರಾಜೀವ್ ಸಾಮಂತ್ ಕಟ್ಟಿದ್ದು, ಮೊದಲ ವೈನ್ ಮಾರುಕಟ್ಟೆಗೆ ಬಂದದ್ದು 2000ದಲ್ಲಿ. ಮರುವರ್ಷವೇ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ವೈನಿಗೆಂದೇ ಒಂದು ನೀತಿ ತಂದಿತು. ಸುತ್ತಮುತ್ತ ಇಷ್ಟೊಂದು ವೈನರಿಗಳು ಎದ್ದದ್ದು ಆಮೇಲೆ.

ರುಚಿ ನೋಡುವ ಕಟ್ಟೆಯಲ್ಲಿ ಒಂದೊಂದು ಗುಟುಕು ಹಾಕಿ ಕೊಡುತ್ತಾರೆ. ಪಕ್ಕದಲ್ಲೇ ಉಗುಳಲು ಪಾತ್ರೆ ಇರುತ್ತದೆ. ಗಾಡಿ ನಾನು ಓಡಿಸಬೇಕಿತ್ತು, ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ನಾಲಿಗೆಗೆ ಹಚ್ಚಿ ಪಾತ್ರೆಗೆ ಉಗುಳಿದೆ. ನಮ್ಮವರು ಒಂದನ್ನೂ ಉಗುಳಲಿಲ್ಲ. ರೊಕ್ಕ ಕೊಟ್ಟೇವಿ ಅಂತ ನನ್ನ ಪಾಲಿನದನ್ನೂ ಮುಗಿಸಿದರು. ಹೊರಗೆ ಬರುವಾಗ ಕೈಯಲ್ಲಿ ಒಂದು ಪೆಟ್ಟಿಗೆ.

"ಬ್ಯಾಡ್ರಿ, ಗಡಿಯೊಳಗ ಹಿಡೀತಾರ" ಅಂದೆ. ಮಾವನಿಗೆ ಫೋನ್ ಹೋಯಿತು. ಸ್ಪೀಕರಿನಲ್ಲಿ ಮಾವ ಅಂದರು: "ಏನೂ ಆಗಂಗಿಲ್ಲ ತಗೊಂಡ ಹೋಗೋ. ನಾ ಎಷ್ಟ ಸಲ ತಂದೇನಿ." ಮಾವ ಧಾರವಾಡಕ್ಕೆ ಬರುವುದು ಯಾವಾಗಲೂ ರೈಲಿನಲ್ಲಿ ಅನ್ನುವುದು ಆಗ ಯಾರಿಗೂ ನೆನಪಾಗಲಿಲ್ಲ.

ಭಾನುವಾರ ತ್ರ್ಯಂಬಕೇಶ್ವರದ ಸರದಿ ಉದ್ದವಿತ್ತು. ಹೊರಟದ್ದು ತಡ. ಕೊಲ್ಹಾಪುರಕ್ಕೆ ಬರುವಾಗಲೇ ಊಟದ ಹೊತ್ತು ಮೀರಿತ್ತು. ಕಾಗಲ್ ದಾಟಿ ಕನ್ನಡ ಫಲಕ ಕಂಡಾಗ ನನಗೆ ಮನೆಗೇ ಬಂದಷ್ಟು ಸಮಾಧಾನ. ಸ್ವಲ್ಪ ಮುಂದೆ ಬ್ಯಾರಿಕೇಡ್. ಒಬ್ಬ ಟಾರ್ಚ್ ಬೀಸಿದ. ಪಕ್ಕಕ್ಕೆ ಹಾಕಿದೆ.

"ಡಿಕ್ಕಿ ತಗೀರಿ."

ಮೇಲೆ ಚಾದರ, ಅದರ ಕೆಳಗೆ ಅತ್ತೆಯವರಿಗೆ ತಂದ ಪ್ರಸಾದದ ಚೀಲ, ಅದರ ಕೆಳಗೆ ಪೆಟ್ಟಿಗೆ. ಆತ ಪ್ರಸಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಬದಿಗಿಟ್ಟ. ಆಮೇಲೆ ಪೆಟ್ಟಿಗೆ ಹರಿದ. ಸಾಹೇಬರು ಕುರ್ಚಿಯಿಂದ ಎದ್ದು ಬಂದರು. ಒಂದು ಬಾಟಲಿ ತೆಗೆದು ಟಾರ್ಚಿಗೆ ಹಿಡಿದು, ಶಾಲೆಯ ಹುಡುಗನಿಗೆ ಓದಿಸುವ ಹಾಗೆ ನನ್ನಿಂದಲೇ ಚೀಟಿ ಓದಿಸಿದರು: 'ಫಾರ್ ಸೇಲ್ ಇನ್ ಮಹಾರಾಷ್ಟ್ರ ಓನ್ಲಿ.'

"ಇದು ಮಹಾರಾಷ್ಟ್ರ ಏನ್ರಿ?"

"ಬಿಲ್ ಐತ್ರಿ" ಅಂದೆ. "ಬಿಲ್ ಅಲ್ಲಿದು. ಪರ್ಮಿಟ್ ತಗೀರಿ." ನಮ್ಮವರು ಇಳಿದು ಬಂದು ಅರ್ಧ ಮರಾಠಿ, ಅರ್ಧ ಇಂಗ್ಲಿಷಿನಲ್ಲಿ ವಾದಕ್ಕೆ ನಿಂತರು. ಅದೇ ಕೆಟ್ಟಿತು. "ನಿಮ್ಮ ಬಾಯಿ ವಾಸನಿ ಬರತೈತಿ, ಗಾಡಿ ಯಾರು ಹೊಡೀತಿದ್ರಿ?" ನಾನು ಅಂದರೆ ನಂಬಲೊಲ್ಲರು. ಊದುವ ಯಂತ್ರ ತನ್ನಿ, ಊದುತ್ತೇನೆ ಅಂದೆ. ಯಂತ್ರ ಅವರ ಹತ್ತಿರ ಇರಲಿಲ್ಲ. ಹಿಂದೆ ನಿಂತಿದ್ದ ಒಬ್ಬ, "ಅಕ್ಕಾರೂ ತಗೋತಾರೇನೋ" ಅಂತ ನಕ್ಕ. ಆ ನಗು ನನಗೆ ಇನ್ನೂ ಉರಿಯುತ್ತದೆ. ಕಾನೂನಿನಲ್ಲಿ ಗಾಡಿಯನ್ನೂ ಜಪ್ತಿ ಮಾಡಬಹುದು ಅಂತ ಸಾಹೇಬರು ನೆನಪಿಸಿದರು. ಮಾವನಿಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ಬಾಟಲಿ ಇಟ್ಟುಕೊಳ್ಳಿ, ಪಂಚನಾಮೆ ಮಾಡಿ, ರಸೀದಿ ಕೊಡಿ ಅಂದೆ. "ರಸೀದಿ ಬೇಕಂದ್ರ ಕೇಸ್ ಹಾಕಬೇಕಾಗತೈತಿ. ಹಾಕಲೇನು?"

ಏನು ಹೇಳುವುದು? ಮರುದಿನ ಮುಂಜಾನೆ ನನಗೆ ಶಾಲೆ ಇತ್ತು. ಪೆಟ್ಟಿಗೆ ಅಲ್ಲೇ ಬಿಟ್ಟು ಹೊರಟೆವು. ಅದು ಸರ್ಕಾರಕ್ಕೆ ಮುಟ್ಟಿದೆ ಅಂತ ನಾನು ನಂಬುವುದಿಲ್ಲ.

ಈಗ ಕಾನೂನು. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಆಯಾ ರಾಜ್ಯದ ಅಬಕಾರಿ ಸುಂಕ. ನಾಸಿಕದಲ್ಲಿ ಕೊಟ್ಟ ತೆರಿಗೆ ಮಹಾರಾಷ್ಟ್ರದ್ದು, ಕರ್ನಾಟಕಕ್ಕೆ ಅದರಿಂದ ಏನೂ ಬಂದಿಲ್ಲ. ಪರವಾನಗಿ ಇಲ್ಲದೆ ಹೊರರಾಜ್ಯದ ಮದ್ಯ ಒಳಗೆ ತರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಹಿಡಿದದ್ದಕ್ಕೆ ನನ್ನ ತಕರಾರಿಲ್ಲ. ಹಿಡಿದು ಕಾಗದ ಕೊಡದೆ ಕಳಿಸಿದ್ದಕ್ಕೆ, ಹೆಣ್ಣುಮಗಳನ್ನು ನಿಲ್ಲಿಸಿ ನಕ್ಕಿದ್ದಕ್ಕೆ ತಕರಾರು.

ಹೋಗುವವರು ಇಷ್ಟು ನೆನಪಿಡಿ. ಗಾಡಿ ಓಡಿಸುವವರು ಕುಡಿಯಬಾರದು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಜನವರಿ 26ಕ್ಕೆ ರಜೆ ಜೋಡಿಸಿಕೊಂಡು ಹೋಗಬೇಡಿ, ಅಂದು ಮದ್ಯ ಮಾರಾಟ ಬಂದ್. ರಾತ್ರಿ ನಾಸಿಕದಲ್ಲೇ ಉಳಿಯಿರಿ. ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ವೈನ್ ಹೇಗೂ ಕೆಡುತ್ತದೆ. ನಂದಿ ಬೆಟ್ಟದ ಸೀಮೆಯಲ್ಲಿ, ಚನ್ನಪಟ್ಟಣದ ಹತ್ತಿರ ನಮ್ಮ ರಾಜ್ಯದಲ್ಲೇ ವೈನರಿಗಳಿವೆ. ಅಲ್ಲಿಂದ ತಂದರೆ ಗಡಿಯ ಮಾತೇ ಇಲ್ಲ.

ನಾಸಿಕಕ್ಕೆ ಹೋಗಿ, ತೋಟ ನೋಡಿ, ಕುಡಿಯುವವರು ಅಲ್ಲೇ ಕುಡಿದು ಬನ್ನಿ. ಬಾಟಲಿ ತರೋಣ ಅಂತ ಮನೆಯವರು ಹಟ ಹಿಡಿದರೆ, ಆ ರಾತ್ರಿ ಸ್ಟೇರಿಂಗ್ ಹಿಡಿಯಲು ನೀವು ಒಪ್ಪಬೇಡಿ.