ಬೆಲೆಯ ಮಾತು, ನೋಟದ ಮಾತು

ಮನ್ನಿಸುವ ಹಾಗೂ ಹೀನಯಿಸುವ ಅರ್ಥವುಳ್ಳ ಇಂಗ್ಲಿಷ್ ಶಬ್ದಗಳಲ್ಲಿ ನಮ್ಮ ವಿದ್ಯಾರ್ಥಿಗಳು ಎಡವುವುದನ್ನು ಉತ್ತರಪತ್ರಿಕೆಗಳಲ್ಲಿ ನಾವು ಪದೇ ಪದೇ ಕಾಣುತ್ತೇವೆ. ಮೂಲವನ್ನರಿತರೆ ಈ ತೊಡಕು ಬಹುಮಟ್ಟಿಗೆ ನೀಗುವುದು.

ಈ ಶಬ್ದಗಳಲ್ಲಿ ಎರಡು ಮನೆತನಗಳು ಮುಖ್ಯವಾದುವು. ಮೊದಲನೆಯದು ಬೆಲೆಯ ಮನೆತನ. ಲ್ಯಾಟಿನ್ನಿನಲ್ಲಿ 'ಪ್ರೆಟಿಯಂ' ಎಂದರೆ ಬೆಲೆ. ಬೆಲೆಯೆಂಬರ್ಥದ 'ಪ್ರೈಸ್', ಹೊಗಳಿಕೆಯೆಂಬರ್ಥದ 'ಪ್ರೇಸ್', ಗುಣವರಿತು ಮೆಚ್ಚುವ 'ಅಪ್ರೀಷಿಯೇಟ್', ಬೆಲೆ ಕುಗ್ಗಿಸುವ 'ಡಿಪ್ರೀಷಿಯೇಟ್' ಇವೆಲ್ಲವೂ ಅದರ ಸಂತಾನ. 'ಎಸ್ಟೀಮ್', 'ಎಸ್ಟಿಮೇಟ್' ಇವೂ ಒಡಹುಟ್ಟಿದವು. ಆದರೆ ಗುರುಗಳಿಗೆ ಸಲ್ಲುವುದು ಮೊದಲನೆಯದು, ಕಟ್ಟಡದ ಖರ್ಚಿಗೆ ಎರಡನೆಯದು. 'ಇನ್‌ವ್ಯಾಲ್ಯುಅಬಲ್' ಎಂದರೆ ಬೆಲೆಯಿಲ್ಲದ್ದೆಂದು ಬರೆಯುವವರುಂಟು. ಅದು ಬೆಲೆಕಟ್ಟಲಾಗದ್ದು. ನಮ್ಮ 'ಅಮೂಲ್ಯ'ದಲ್ಲಿಯೂ ನಿಷೇಧದ 'ಅ'ಕಾರವಿದೆಯಲ್ಲವೆ? ಬೆಲೆಯಿಲ್ಲದ್ದಕ್ಕೆ 'ವರ್ತ್‌ಲೆಸ್' ಎನ್ನಬೇಕು.

ಎರಡನೆಯದು ನೋಟದ ಮನೆತನ. 'ರೆಸ್ಪೆಕ್ಟ್' ಎಂಬುದರ ಮೂಲಾರ್ಥ ತಿರುಗಿ ನೋಡುವುದು. 'ಡಿಸ್ಪೈಸ್' ಎಂಬುದರದು ಮೇಲಿನಿಂದ ಕೆಳಕ್ಕೆ ನೋಡುವುದು. ಕಡೆಗಣ್ಣಿನಿಂದ ನೋಡುವುದನ್ನೇ ನಾವೂ 'ಕಡೆಗಣಿಸು' ಎನ್ನುತ್ತೇವೆ. 'ಉಪೇಕ್ಷೆ'ಯಲ್ಲಿಯೂ ನೋಡುವ ಧಾತುವೇ ಅಡಗಿದೆ.

ಈ ಎರಡಕ್ಕೂ ಸೇರದ ಒಂದು ಶಬ್ದ 'ಬಿಲಿಟಲ್', ಎಂದರೆ ಕಿರಿದುಮಾಡು. ಅಮೆರಿಕದ ಪ್ರಾಣಿಗಳು ಹಳೆಯ ಜಗತ್ತಿನವುಗಳಿಗಿಂತ ಚಿಕ್ಕವೆಂದು ಫ್ರಾನ್ಸಿನ ವಿದ್ವಾಂಸ ಬುಫಾನನು ಆ ನಾಡನ್ನು ಕಾಣದೆಯೇ ಬರೆದಿದ್ದನು. ಥಾಮಸ್ ಜೆಫರ್ಸನ್ನನು ವರ್ಜೀನಿಯಾವನ್ನು ಕುರಿತ ತನ್ನ ಗ್ರಂಥದಲ್ಲಿ ಎರಡು ಖಂಡಗಳ ಪ್ರಾಣಿಗಳ ತೂಕಗಳನ್ನು ಪಟ್ಟಿಮಾಡಿ ಉತ್ತರವಿತ್ತನು. ಆ ವಾದವನ್ನು ಹೇಳುವಾಗ ಅವನು ಬಳಸಿದ ಹೊಸ ಶಬ್ದವಿದು. 1787ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಈ ಶಬ್ದವನ್ನೇ ಹಾಸ್ಯಮಾಡಿತು. ಕಿರಿದುಮಾಡುವುದನ್ನು ಹೇಳಲು ಹುಟ್ಟಿದ ಪದವನ್ನೇ ಕಿರಿದುಮಾಡಿದರು! ಇಂದು ಲಂಡನ್ನಿನವರೂ ಅದನ್ನು ನಿಸ್ಸಂಕೋಚವಾಗಿ ಬಳಸುತ್ತಾರೆ.

ಗಡಿನಾಡಿನ ನಮ್ಮ ಮಕ್ಕಳು ಇದನ್ನು ನೆನಪಿನಲ್ಲಿಡಬೇಕು. ಕನ್ನಡದಲ್ಲಿ ಕಲಿತವರಿಗೆ ಇಂಗ್ಲಿಷ್ ಬಾರದೆಂದು ನಮ್ಮ ಶಾಲೆಯ ಹೊಸ್ತಿಲನ್ನೇ ತುಳಿಯದವರು ಹೇಳುವುದುಂಟು. ಅದಕ್ಕೆ ಕೋಪ ಉತ್ತರವಲ್ಲ. ಜೆಫರ್ಸನ್ನನ ಪಟ್ಟಿಯಂತೆ, ತಿದ್ದಿ ಬರೆದ ಶುದ್ಧವಾದ ವಾಕ್ಯವೇ ಉತ್ತರ. 'ಅಮೂಲ್ಯ'ವನ್ನು ಬಲ್ಲ ವಿದ್ಯಾರ್ಥಿಗೆ 'ಇನ್‌ವ್ಯಾಲ್ಯುಅಬಲ್' ಕಷ್ಟವಾಗಲಾರದು. ತಾಯ್ನುಡಿಗೆ ಬೆಲೆಕೊಟ್ಟವನು ಪರನುಡಿಯ ಬೆಲೆಯನ್ನೂ ಅರಿಯುವನೆಂದು ನಾವು ನಂಬುತ್ತೇವೆ.